ಹಸಿರು ದೀಪದ ಪಿಸ್ತೂಲು

ಗುಂಡು ಹಾರಿಸಿದ್ದು ಯಾಕೆ ಎಂದು ಪಿಸ್ತೂಲನ್ನೇ ಕೇಳಬಹುದಾದರೆ, ಅದನ್ನು ಹಿಡಿದವರ ಮಾತನ್ನು ಯಾರು ಕೇಳುತ್ತಾರೆ? ಯಾರೂ ಕೇಳುವುದಿಲ್ಲ. ಇದು ನನ್ನ ಊಹೆಯಲ್ಲ, ಕಣ್ಣಾರೆ ಕಂಡದ್ದು.

ನನ್ನ ಹೆಸರು ಶಿವಕ್ಕ ಭಜಂತ್ರಿ. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೆಬಲ್. ಹದಿನಾರು ವರ್ಷ ಕರಿಗುಡ್ಡದ ಫೈರಿಂಗ್ ರೇಂಜಿನಲ್ಲಿ ಹೊಸಬರಿಗೆ ಗುಂಡು ಹಾರಿಸುವುದನ್ನು ಕಲಿಸಿದವಳು. ರೇಂಜ್ ಎಂದರೆ ಬಿಟ್ಟುಹೋದ ಒಂದು ಕಲ್ಲುಗಣಿ. ಮೂರು ಕಡೆ ಕಡಿದ ಕಲ್ಲಿನ ಗೋಡೆ, ಎದುರಿಗೆ ಎರಡಾಳೆತ್ತರದ ಮರಳಿನ ದಿಬ್ಬ. ಕೆಂಪು ಬಾವುಟ ಏರಿಸಿದ ಮೇಲೆ ಅಲ್ಲಿ ನನ್ನ ಮಾತೇ ಕೊನೆಯ ಮಾತಾಗಿತ್ತು. ಎಸ್‌ಪಿ ಬಂದರೂ ಬಾವುಟದ ಈಚೆ ನಿಲ್ಲಬೇಕಿತ್ತು.

ಹೊಸ ಪಿಸ್ತೂಲಿನ ಹೆಸರು ‘ಸಾಕ್ಷಿ’. ನೋಡಲು ಇತರ ಅರೆ-ಸ್ವಯಂಚಾಲಿತ ಪಿಸ್ತೂಲುಗಳ ಹಾಗೆಯೇ ಇತ್ತು: ಒಂದು ಸಲ ಕುದುರೆ, ಅಂದರೆ ಟ್ರಿಗರ್, ಒತ್ತಿದರೆ ಒಂದು ಗುಂಡು, ಮುಂದಿನದು ತಾನಾಗಿ ಏರಿ ಕೂರುತ್ತದೆ. ಹದಿನೈದು ಗುಂಡಿನ ಮ್ಯಾಗಜಿನ್. ಹೊಸತೇನಿದ್ದರೂ ಹಿಡಿಯೊಳಗೆ. ಅದನ್ನು ಮಾಡಿದ ಎಂಜಿನಿಯರ್ ಅನಿರುದ್ಧ ಕಟ್ಟಿ ಧಾರವಾಡದ ಹುಡುಗ, ಮಾತಿಗೊಮ್ಮೆ ಕನ್ನಡಕ ಸರಿಪಡಿಸಿಕೊಳ್ಳುವವನು. ಅವನು ನಮಗೆಲ್ಲ ತಿಳಿಯುವ ಹಾಗೆ ಬಿಡಿಸಿ ಹೇಳಿದ.

“ನೋಡ್ರಿ, ನಾವು ಬೇಕಂತ ಬೆರಳು ಒತ್ತಬೇಕಾದ್ರ ಅದಕ್ಕೂ ಅರ್ಧ ಸೆಕೆಂಡ್ ಮೊದಲ ಅಂಗೈ ಸ್ನಾಯು ಸಣ್ಣಗ ತಯಾರಾಗ್ತದ. ನಮಗ ಅದು ಗೊತ್ತಾಗೂದಿಲ್ಲ, ಹಿಡಿಯೊಳಗಿನ ತಂತಿಗೆ ಗೊತ್ತಾಗ್ತದ. ಬೆಚ್ಚಿಬಿದ್ದು ಒತ್ತಿದ್ರ ಆ ತಯಾರಿ ಇರೂದಿಲ್ಲ, ಬೆರಳು ಏಕ್‌ದಂ ಜಿಗೀತದ. ಬೇಕಂತ ಹಾರಿಸಿದ್ರ ಹಸಿರು ದೀಪ, ಬೆಚ್ಚಿ ಹಾರಿಸಿದ್ರ ಕೆಂಪು. ಒಮ್ಮೆ ಒಳಗ ದಾಖಲಾತಂದ್ರ ಯಾರಿಗೂ ಅಳಸ್ಲಿಕ್ಕೆ ಬರೂದಿಲ್ಲ.”

ಪರೀಕ್ಷಾ ಸಮಿತಿಯ ಮುಖ್ಯಸ್ಥರು ಚಂದ್ರಕಾಂತರಾಜೇ ಅರಸ್ ಸಾಹೇಬರು, ಮೈಸೂರಿನ ಕಡೆಯವರು. ಅವರ ಮುಂದೆ ಕಚೇರಿಯ ಗುಮಾಸ್ತರೊಬ್ಬರ ಕೈಗೆ ಖಾಲಿ ಪಿಸ್ತೂಲು ಕೊಟ್ಟು, ಕಟ್ಟಿ ಹಿಂದಿನಿಂದ ಕಾಗದದ ಚೀಲವೊಂದನ್ನು ಊದಿ ಒಡೆದ. ಗುಮಾಸ್ತರು ಹಾರಿಬಿದ್ದರು, ಕುದುರೆ ಟಕ್ಕೆಂದಿತು, ಕೆಂಪು ದೀಪ ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಾನು ಗುಂಡು ತುಂಬಿ ಹತ್ತು ಸಲ ಹಾರಿಸಿದೆ. ಹತ್ತಕ್ಕೆ ಹತ್ತೂ ಹಸಿರು, ಹತ್ತೂ ನಡುವಿನ ಕಪ್ಪು ಚುಕ್ಕೆಯಲ್ಲಿ.

“ಚೆನ್ನಾಗಿದೆ ಕಣಮ್ಮ” ಎಂದರು ಅರಸ್ ಸಾಹೇಬರು. “ಇನ್ನು ಹನ್ನೆರಡು ದಿನಕ್ಕೆ ವರದಿ ಕೊಟ್ಬಿಡೋಣ. ದೀಪ ನಂಬಬಹುದು ಅಂತ ನಾನು ಬರೆದ್ರೆ ರಾಜ್ಯಕ್ಕೆಲ್ಲ ಇದೇ ಪಿಸ್ತೂಲು.”

ನಾನು ಸಂತೋಷಪಡಲಿಲ್ಲ. ಆ ವರದಿಯ ಒಂದು ಪ್ರತಿ ರೇಷ್ಮಾ ನದಾಫಳ ಫೈಲಿಗೂ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು.

ರೇಷ್ಮಾ ನನ್ನ ಶಿಷ್ಯೆ. ನನ್ನ ಕೈಯಲ್ಲಿ ಕಲಿತ ನಾನೂರು ಚಿಲ್ಲರೆ ಜನರಲ್ಲಿ ಅವಳಂಥ ಕೈ ಇನ್ನೊಂದಿಲ್ಲ. ಅದಕ್ಕೇ ಮೂರು ತಿಂಗಳ ಹಿಂದೆ ಪ್ರಯೋಗಕ್ಕೆಂದು ಬಂದ ಮೊದಲ ಹನ್ನೆರಡು ಸಾಕ್ಷಿ ಪಿಸ್ತೂಲುಗಳಲ್ಲಿ ಒಂದನ್ನು ಅವಳಿಗೆ ಕೊಡಿಸಿದ್ದೆ. ಒಂದು ಮಧ್ಯಾಹ್ನ ಹತ್ತಿಯ ಗೋದಾಮಿನಲ್ಲಿ ಕಳ್ಳರು ಅಡಗಿದ್ದಾರೆಂಬ ಸುದ್ದಿ ಬಂತು. ಅವಳು ಬಾಗಿಲಿಗೆ ಪಿಸ್ತೂಲು ಹಿಡಿದು ನಿಂತಿದ್ದಾಗ ಬೆನ್ನ ಹಿಂದೆ ಲಾರಿಯ ಟೈರು ಸಿಡಿಯಿತು. ಗುಂಡು ಹಾರಿತು. ಒಳಗೆ ಕಳ್ಳರಿರಲಿಲ್ಲ, ಸಂಗಪ್ಪ ಎಂಬ ಹಮಾಲಿ ಇದ್ದ. ಅವನ ಜೀವ ಉಳಿಯಿತು, ಆದರೆ ಬಲಗೈ ಇವತ್ತಿಗೂ ಹೆಗಲಿನ ಮೇಲೆ ಏಳುವುದಿಲ್ಲ.

‘ನಾನು ಬೆಚ್ಚಿಬಿದ್ದೆ’ ಎಂದಳು ರೇಷ್ಮಾ. ಪಿಸ್ತೂಲಿನಲ್ಲಿ ಹಸಿರು ದೀಪ ಉರಿಯುತ್ತಿತ್ತು. ಬೇಕೆಂದೇ ಗುಂಡು ಹಾರಿಸಿದ್ದಾಳೆ ಎಂದು ಕೊಲೆ ಯತ್ನದ ಪ್ರಕರಣ ಹಾಕಿ ಅವಳನ್ನು ಅಮಾನತು ಮಾಡಿದರು. ಅವಳನ್ನು ಮತ್ತೊಂದು ಪ್ರಶ್ನೆ ಕೇಳುವ ಗೊಡವೆಗೂ ಯಾರೂ ಹೋಗಲಿಲ್ಲ.

ನಿಜ ಹೇಳುತ್ತೇನೆ, ನಾನೂ ಅವಳನ್ನು ಪೂರ್ತಿ ನಂಬಿರಲಿಲ್ಲ. ಯಂತ್ರ ಯಾಕೆ ಸುಳ್ಳು ಹೇಳುತ್ತದೆ ಎಂದುಕೊಂಡಿದ್ದೆ. ಆ ನಾಚಿಕೆ ನನಗೆ ಈಗಲೂ ಇದೆ.

ಆ ಪ್ರದರ್ಶನದ ನಂತರದ ಭಾನುವಾರ ರೇಷ್ಮಾ ನಮ್ಮ ಮನೆಗೆ ಬಂದಳು. ಎರಡು ತಿಂಗಳಲ್ಲಿ ಇಳಿದುಹೋಗಿದ್ದಳು. ನನ್ನ ಗಂಡ ದುರ್ಗಪ್ಪ ಪಡಸಾಲೆಯಲ್ಲಿ ಕೂತು ಸಂಬಾಳಕ್ಕೆ ಹೊಸ ಚರ್ಮ ಬಿಗಿಯುತ್ತಿದ್ದ. ಮದುವೆ, ದೇವರ ಕಾರ್ಯ, ಎಲ್ಲದಕ್ಕೂ ಸಂಬಾಳ ಬಾರಿಸುವ ಮನೆತನ ನಮ್ಮದು. ಗುಂಡಿನ ಸದ್ದು ನನ್ನದು, ಬಾರಿಸುವ ಸದ್ದು ಅವನದು, ಅದಕ್ಕೇ ಮಕ್ಕಳಿಗೆ ಸಣ್ಣ ದನಿಯಲ್ಲಿ ಮಾತಾಡಲು ಬರುವುದಿಲ್ಲ ಎಂದು ಓಣಿಯವರು ಆಡಿಕೊಳ್ಳುತ್ತಾರೆ.

“ನೀವು ಕೂಡ್ರಿ ಅಕ್ಕಾರ, ಚಾ ನಾ ಮಾಡ್ತೇನಿ” ಎಂದು ರೇಷ್ಮಾ ಒಲೆಯ ಮುಂದೆ ನಿಂತು, ಪಿಸ್ತೂಲಿನ ಹಾಗೆ ಕುದುರೆ ಎಳೆಯುವ ಗ್ಯಾಸ್ ಲೈಟರ್ ಕೈಗೆತ್ತಿಕೊಂಡಳು. ಗ್ಯಾಸಿನ ಬರ್ನರ್ ಕಡೆ ಹಿಡಿದು, ಏನೋ ಯೋಚನೆ ಬಂದು ಹಾಗೆಯೇ ನಿಂತುಬಿಟ್ಟಳು. ಗ್ಯಾಸ್ ಇನ್ನೂ ತಿರುವಿರಲಿಲ್ಲ. ಅಷ್ಟರಲ್ಲಿ ದುರ್ಗಪ್ಪ ಚರ್ಮದ ಬಿಗಿ ನೋಡಲು ಸಂಬಾಳಕ್ಕೆ ಧಡಲ್ಲನೆ ಒಂದು ಪೆಟ್ಟು ಕೊಟ್ಟ.

ರೇಷ್ಮಾಳ ಭುಜ ಕುಣಿಯಿತು, ಕಣ್ಣು ಮುಚ್ಚಿಕೊಂಡವು. ಲೈಟರ್ ಮಾತ್ರ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಅವಳ ತೋರುಬೆರಳು ನೇರವಾಗಿ, ನಯವಾಗಿ ಹಿಂದಕ್ಕೆ ಬಂತು. ಟಕ್.

ಆ ಬೆರಳು ನನಗೆ ಗೊತ್ತಿತ್ತು. ಅದು ನಾನು ಕಲಿಸಿದ ಬೆರಳು.

ನನ್ನ ರೇಂಜಿನಲ್ಲಿ ಮೊದಲ ಮೂರು ತಿಂಗಳು ಗುಂಡು ಕೊಡುತ್ತಿರಲಿಲ್ಲ. ಖಾಲಿ ಪಿಸ್ತೂಲಿನ ತುದಿಗೆ ಒಂದು ರೂಪಾಯಿಯ ನಾಣ್ಯ ಇಡುತ್ತಿದ್ದೆ. ‘ತಯಾರ್’ ಎಂದ ಕೂಡಲೇ ಬೆರಳು ಕುದುರೆಗೆ ಹೋಗಬೇಕು, ಅದರ ಸಡಿಲನ್ನೆಲ್ಲ ಎಳೆದುಕೊಂಡು, ಗುಂಡು ಹಾರುವ ಅಂಚಿನಲ್ಲಿ ಕಾಯಬೇಕು. ಒತ್ತಿದಾಗ ನಾಣ್ಯ ಬೀಳಬಾರದು. ದಿನಕ್ಕೆ ಮುನ್ನೂರು ಸಲ. ಬಿದ್ದರೆ ಬಿಸಿಲಲ್ಲಿ ದಿಬ್ಬ ಹತ್ತಿಸುತ್ತಿದ್ದೆ. ಬೇರೆ ರೇಂಜಿನವರು ನನ್ನನ್ನು ನಾಣ್ಯದ ಶಿವಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರೆಂದರೆ ನನಗೆ ಬಲು ಹೆಮ್ಮೆಯಿತ್ತು.

ಪಿಸ್ತೂಲು ಕೈಗೆ ಬಂದ ಕ್ಷಣದಿಂದ ನನ್ನ ಶಿಷ್ಯರ ಅಂಗೈ ತಯಾರಾಗಿಯೇ ಇರುತ್ತದೆ. ಮನಸ್ಸು ಬೆಚ್ಚಿದರೂ ಬೆರಳು ಜಿಗಿಯುವುದಿಲ್ಲ, ಕಲಿತ ದಾರಿಯಲ್ಲೇ ನಯವಾಗಿ ಹಿಂದೆ ಸರಿಯುತ್ತದೆ. ಹಾಗಾದರೆ ಕಟ್ಟಿಯ ತಂತಿಗೆ ಕಾಣುವುದೇನು? ಬರೀ ಹಸಿರು.

“ಅಕ್ಕಾರ, ಯಾಕ ಹಂಗ ನೋಡಾಕತ್ತೀರಿ?” ಎಂದಳು ರೇಷ್ಮಾ.

“ನಿನ್ನ ಬೆರಳು ನೋಡಾಕತ್ತೇನಿ. ನೀ ಖರೇ ಹೇಳಿದ್ದಿ ಬಿಡವಾ. ನಂದ ತಪ್ಪು.”

ಅವಳು ಲೈಟರ್ ಕೆಳಗಿಟ್ಟು ಅಲ್ಲೇ ಒಲೆಯ ಕಟ್ಟೆ ಹಿಡಿದು ಅತ್ತಳು. ಎರಡು ತಿಂಗಳಲ್ಲಿ ಅವಳನ್ನು ನಂಬಿದ ಮೊದಲನೆಯವಳು ನಾನಂತೆ. ಅದನ್ನು ಕೇಳಿ ನನಗೂ ಅಳು ತಡೆಯಲಿಲ್ಲ.

ಮರುದಿನ ಬಸ್ಸು ಹತ್ತಿ ಕಟ್ಟಿಯ ಪ್ರಯೋಗಾಲಯಕ್ಕೆ ಹೋದೆ. ಗೋಡೆಯುದ್ದಕ್ಕೂ ಪರದೆಗಳು, ಪರದೆಗಳ ತುಂಬ ಅಲೆ ಅಲೆ ಗೆರೆಗಳು. ನನ್ನ ಪ್ರಶ್ನೆ ಒಂದೇ ಆಗಿತ್ತು.

“ಈ ಯಂತ್ರಕ್ಕ ಬೆಚ್ಚೂದು ಅಂದ್ರ ಹೆಂಗಿರ್ತದ ಅಂತ ಯಾರ ಕೈ ತೋರಿಸಿ ಕಲಿಸೀರಿ?”

“ಸಾವಿರದ ನಾನೂರು ಮಂದೀರಿ. ಕಾಲೇಜ್ ಹುಡುಗ್ರು, ನಮ್ಮ ಆಫೀಸಿನವ್ರು, ಒಂದಿಷ್ಟು ಮಾಸ್ತರು.”

“ಅವ್ರೊಳಗ ಪಿಸ್ತೂಲ್ ಹಿಡಿದವ್ರು ಎಷ್ಟು ಮಂದಿ?”

ಕಟ್ಟಿ ಕನ್ನಡಕ ಸರಿಪಡಿಸಿಕೊಂಡ. “ಒಬ್ರೂ ಇಲ್ರಿ” ಎಂದ. “ಪೊಲೀಸರನ್ನ ಬೇಕಾದಷ್ಟು ಪರೀಕ್ಷೆ ಮಾಡೇವಿ, ಆದ್ರ ಗುರಿ ಇಟ್ಟು ಹೊಡೀಲಿಕ್ಕೆ ಅಷ್ಟ. ಬೆಚ್ಚಿಸಿ ನೋಡಿಲ್ಲ. ಗುಂಡು ತುಂಬಿದ ಪಿಸ್ತೂಲ್ ಹಿಡಿದವ್ರನ್ನ ಬೆಚ್ಚಿಸ್ಲಿಕ್ಕೆ ಯಾರು ಪರವಾನಗಿ ಕೊಡ್ತಾರ?”

ಹುಡುಗ ಪ್ರಾಮಾಣಿಕ. ಬೇರೆ ಯಾರಾದರೂ ಆಗಿದ್ದರೆ ನನಗೆ ಚಹಾ ಕುಡಿಸಿ ಸಾಗಹಾಕುತ್ತಿದ್ದರು. ಇವನು ಆ ಕ್ಷಣವೇ ಖಾಲಿ ಪಿಸ್ತೂಲೊಂದನ್ನು ನನ್ನ ಕೈಗಿಟ್ಟು, ಎದುರಿನ ಪರದೆ ತೋರಿಸಿದ. ನಾನು ಸುಮ್ಮನೆ ಹಿಡಿದಿದ್ದೆ, ಒತ್ತುವ ಯೋಚನೆಯೇ ಇರಲಿಲ್ಲ. ಆದರೂ ಗೆರೆ ಮೇಲೆಯೇ ನಿಂತಿತ್ತು, ಇಳಿಯಲೇ ಇಲ್ಲ.

“ಇದು ಒತ್ತೋ ಮೊದಲಿನ ತಯಾರಿ ಗೆರೀರಿ” ಎಂದ ಕಟ್ಟಿ. “ನೀವು ಪಿಸ್ತೂಲ್ ಹಿಡಿದಾಗಿಂದ ಇಲ್ಲೇ ಅದ.”

“ಹಂಗಾದ್ರ ನಾ ಬೆಚ್ಚಿ ಒತ್ತಿದ್ರೂ ಹಸಿರ ಬರ್ತದ?”

“ಬರಬಹುದು. ಆದ್ರ ಬರಬಹುದು ಅಂದ್ರ ಸಾಹೇಬ್ರು ಒಪ್ಪೂದಿಲ್ಲ. ಖರೇ ಗುಂಡು, ಖರೇ ರೇಂಜ್, ಖರೇ ಬೆಚ್ಚೂದು, ಅಷ್ಟೂ ಬೇಕು. ಮತ್ತ ನೀವು ನಾಟಕ ಮಾಡಿಲ್ಲ ಅಂತ ತೋರಿಸಬೇಕು.”

ಅಪಾಯವಿಲ್ಲದೆ ಖರೇ ಗುಂಡು ಹಾರಿಸುವ ಉಪಾಯ ನನ್ನ ಬಳಿ ಇತ್ತು. ಹೊಸ ಪಿಸ್ತೂಲಿನ ಗುರಿ ನೆಟ್ಟಗಿದೆಯೇ ಎಂದು ನೋಡಲು ನಾವು ಅದನ್ನು ಶಿಕಂಜ ಎನ್ನುವ, ಅಲ್ಲಾಡದ ಕಬ್ಬಿಣದ ಇಕ್ಕಳದಲ್ಲಿ ಬಿಗಿದು ಹಾರಿಸುತ್ತೇವೆ. ಶಿಕಂಜದಲ್ಲಿದ್ದಾಗ ಕೈ ಎಷ್ಟೇ ನಡುಗಲಿ, ನಳಿಗೆ ಮರಳಿನ ದಿಬ್ಬ ಬಿಟ್ಟು ಬೇರೆಡೆ ತಿರುಗದು. ನಾಟಕವಲ್ಲ ಎಂದು ತೋರಿಸುವ ಉಪಾಯ ಕಟ್ಟಿಯದು. ಸದ್ದು ಕೇಳಿ, ಯೋಚಿಸಿ, ಬೇಕೆಂದು ಬೆರಳು ಒತ್ತಲು ಎಂಥ ಚುರುಕಿನವರಿಗೂ ಸೆಕೆಂಡಿನ ಏಳನೇ ಒಂದು ಭಾಗವಾದರೂ ಬೇಕಂತೆ. ಬೆಚ್ಚುವ ದೇಹ ಅದಕ್ಕಿಂತ ಬೇಗ. ಮೈಕು ಇಟ್ಟು ಸದ್ದಿಗೂ ಗುಂಡಿಗೂ ನಡುವಿನ ಹೊತ್ತು ಅಳೆದರೆ ಸಾಕು.

ಇನ್ನು ಉಳಿದದ್ದು ಒಂದೇ: ನನ್ನನ್ನು ಬೆಚ್ಚಿಸುವುದು. ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ ಆಗಿತ್ತು. ರಾತ್ರಿ ಊಟಕ್ಕೆ ಕೂತಾಗ ಅದನ್ನು ದುರ್ಗಪ್ಪನಿಗೆ ಒಪ್ಪಿಸಿದೆ.

“ನನ್ನ ಕೈಲೆ ಆಗೂದಿಲ್ಲ” ಎಂದ ದುರ್ಗಪ್ಪ, ರೊಟ್ಟಿ ಮುರಿಯುತ್ತ. “ಹತ್ತೊಂಬತ್ತು ವರ್ಷದಾಗ ನೀ ಒಮ್ಮೆ ಬೆಚ್ಚಿದ್ದು ನೋಡಿಲ್ಲ ನಾ. ಮದುವ್ಯಾಗ ನಿನ್ನ ಕಿವಿಬುಡಕ್ಕ ಸಂಬಾಳ ಬಾರಿಸಿದ್ರ ತಿರುಗಿ ಸೈತ ನೋಡ್ಲಿಲ್ಲ.”

“ಅವತ್ತು ಸಿಟ್ಟಿನಾಗಿದ್ದೆ. ನಿಮ್ಮಪ್ಪ ಸೀರಿ ಬಣ್ಣ ತಪ್ಪು ತಂದಿದ್ರು.”

“ಮತ್ತ ಈಗ ಸದ್ದು ಬರ್ತದ ಅಂತ ಗೊತ್ತಿದ್ದ ಕೂಡಾಕಿ ನೀನು. ಹೆಂಗ ಬೆಚ್ಚತಿ?”

“ಅದನ್ನ ನೀ ನೋಡ್ಕೊ. ಯಾವಾಗ, ಹೆಂಗ, ನನಗ ಹೇಳಬ್ಯಾಡ. ನಾ ಬೆಚ್ಚಲಿಲ್ಲ ಅಂದ್ರ ಆ ಹುಡುಗಿ ಜೇಲಿಗೆ ಹೋಗ್ತಾಳ, ಅಷ್ಟ ನೆನಪಿಟ್ಕೊ.”

ದುರ್ಗಪ್ಪ ರೊಟ್ಟಿ ಕೆಳಗಿಟ್ಟು ನನ್ನ ಮುಖ ನೋಡಿದ. “ಖರೇ ಆತಂದ್ರ ನಿನ್ನ ನಾಣ್ಯದ ಕಲಿಕೀನ ತಪ್ಪು ಅಂತ ಆಗ್ತದ. ತಿಳದದನು ನಿನಗ?”

“ತಿಳದದ” ಎಂದೆ. ತಿಳಿದೇ ಎರಡು ದಿನದಿಂದ ಊಟ ಸೇರಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಎಂಟಕ್ಕೆ ಬಾವುಟ ಏರಿತು. ಅರಸ್ ಸಾಹೇಬರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದ್ದರು. ಮೂವತ್ತು ಗುಂಡು, ಹದಿನೈದರ ಎರಡು ಮ್ಯಾಗಜಿನ್. ಪಿಸ್ತೂಲು ಶಿಕಂಜದಲ್ಲಿ, ಹಿಡಿ ನನ್ನ ಕೈಯಲ್ಲಿ. ಬೆಚ್ಚಬೇಕಾದವಳು ಕಿವಿ ಮುಚ್ಚಿಕೊಂಡರೆ ಹೇಗೆ ಎಂದು ಹತ್ತಿಯನ್ನೂ ಇಟ್ಟುಕೊಂಡಿರಲಿಲ್ಲ. ದುರ್ಗಪ್ಪ ನನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಸಂಬಾಳ ಸೊಂಟಕ್ಕೆ ಕಟ್ಟಿಕೊಂಡು, ಕೋಲು ಹಿಡಿದು ನಿಂತ. ಮಧ್ಯಾಹ್ನದ ಊಟಕ್ಕೆಂದು ಮನೆಯಿಂದ ಸ್ಟೀಲಿನ ದೊಡ್ಡ ಪರಾತದಲ್ಲಿ ರೊಟ್ಟಿ ಕಟ್ಟಿ ತಂದು ಪಕ್ಕದ ಕಲ್ಲಿನ ಮೇಲೆ ಇಟ್ಟಿದ್ದ.

ಒಂದು, ಎರಡು, ಮೂರು. ಪ್ರತಿ ಗುಂಡಿಗೂ ಐದು ನಿಮಿಷ ಬಿಡುವು. ನಾನು ಈಗ ಬಾರಿಸುತ್ತಾನೆ, ಈಗ ಬಾರಿಸುತ್ತಾನೆ ಎಂದು ಕಾಯುತ್ತಿದ್ದೆ. ಎಂಟನೆಯ ಗುಂಡಿಗೆ ಬಾರಿಸಿದ. ನಾನು ಅಲ್ಲಾಡಲಿಲ್ಲ. ಹದಿನಾರಕ್ಕೆ ಇನ್ನೊಮ್ಮೆ, ಇಪ್ಪತ್ತಕ್ಕೆ ಮತ್ತೊಮ್ಮೆ. ಬೆರಳು ನನ್ನ ಹಿಡಿತದಲ್ಲೇ ಇತ್ತು. ಹಾಳಾದ ಧೈರ್ಯ! ಜೀವಮಾನದಲ್ಲಿ ಮೊದಲ ಸಲ ನನಗೆ ನನ್ನ ಕೈಯ ಮೇಲೆ ಸಿಟ್ಟು ಬಂತು. ಬೇಕೆಂದು ಒತ್ತಿಬಿಡಲೇ ಎಂದೂ ಅನಿಸಿತು. ಹಾಗೆ ಮಾಡಿದರೆ ಕಟ್ಟಿಯ ಗಡಿಯಾರ ಹಿಡಿದುಹಾಕುತ್ತದೆ, ರೇಷ್ಮಾಳ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಹಲ್ಲು ಕಚ್ಚಿ ಕೂತೆ.

ಇಪ್ಪತ್ತೊಂಬತ್ತು. ಅಷ್ಟರಲ್ಲಿ ಹತ್ತೂವರೆ ಆಗಿತ್ತು. ಬಿಸಿಲು ಕಲ್ಲಿನ ಗೋಡೆಯಿಂದ ಮುಖಕ್ಕೆ ಹೊಡೆಯುತ್ತಿತ್ತು. ಅರಸ್ ಸಾಹೇಬರು ಕುರ್ಚಿಯಿಂದ ಎದ್ದರು.

“ನಿಲ್ಲು! ಸಾಕಮ್ಮ ಶಿವಕ್ಕ. ಎರಡೂವರೆ ಗಂಟೆ ಆಯ್ತು, ಏನೂ ಆಗ್ಲಿಲ್ಲ. ಒಂದು ಗುಂಡು ಉಳೀಲಿ ಬಿಡು. ಮುಗೀತು ಅಂತ ಬರ್ಕೊಳ್ಳಿ.”

‘ನಿಲ್ಲು’ ಎಂದ ಮೇಲೆ ‘ಖಾಲಿ ಮಾಡು’ ಎಂಬ ಆಜ್ಞೆ ಬರುವ ತನಕ ಪಿಸ್ತೂಲು ಹಿಡಿದೇ ಇರಬೇಕು, ಅದು ನಿಯಮ. ಹಿಡಿದೇ ಇದ್ದೆ, ಬೆರಳು ಅಭ್ಯಾಸದಂತೆ ಕುದುರೆಯ ಮೇಲೆಯೇ. ಸೋತೆ ಎಂದುಕೊಂಡೆ. ರೇಷ್ಮಾಳಿಗೆ ಏನೆಂದು ಹೇಳುವುದು, ಯಾವ ಮುಖ ಹೊತ್ತು ಅವಳ ಮುಂದೆ ನಿಲ್ಲುವುದು ಎಂದುಕೊಂಡೆ. ಕಣ್ಣು ತುಂಬಿ ಬಂದು ದಿಬ್ಬ ಮಸುಕಾಯಿತು.

ಬೆನ್ನ ಹಿಂದೆ, ಎರಡೇ ಹೆಜ್ಜೆ ದೂರದಲ್ಲಿ, ಪರಾತ ಕಲ್ಲಿನ ಮೇಲೆ ಅಪ್ಪಳಿಸಿತು.

ಗುಂಡು ಹಾರಿತು.

ಹಾರಿಸಿದ್ದು ನಾನೇ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಮೂವತ್ತನೆಯ ಖಾಲಿ ತೋಟಾ ಬಿಸಿಬಿಸಿಯಾಗಿ ನನ್ನ ಪಾದದ ಮೇಲೆ ಬಿದ್ದಿತ್ತು. ತಲೆಯೆತ್ತಿ ನೋಡಿದೆ. ಪಿಸ್ತೂಲಿನ ಬೆನ್ನಿನಲ್ಲಿ ದೀಪ ಉರಿಯುತ್ತಿತ್ತು.

ಹಸಿರು.

ರೊಟ್ಟಿಗಳು ಮಣ್ಣಿನಲ್ಲಿ ಚೆಲ್ಲಾಡಿದ್ದವು. ದುರ್ಗಪ್ಪ ಬರಿಗೈಯಲ್ಲಿ ನಿಂತಿದ್ದ, ಅವನ ಮುಖ ನನ್ನದಕ್ಕಿಂತ ಹೆಚ್ಚು ಬೆವರಿತ್ತು. ಕಟ್ಟಿ ಪರದೆ ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದ.

“ಸದ್ದಿಗೂ ಗುಂಡಿಗೂ ನಡುವ ಸೆಕೆಂಡಿನ ಹತ್ತನೇ ಒಂದು ಭಾಗಾನೂ ಇಲ್ರಿ ಸರ್” ಎಂದ. “ಬೇಕಂತ ಒತ್ತಲಿಕ್ಕೆ ಯಾವ ಮನುಷ್ಯಾಗೂ ಸಾಧ್ಯ ಇಲ್ಲ. ನನ್ನ ಪಿಸ್ತೂಲ್ ತಪ್ಪು ಹೇಳ್ತದ.”

ತಾನು ಐದು ವರ್ಷ ಕೂತು ಕಟ್ಟಿದ್ದನ್ನು ಎಲ್ಲರ ಮುಂದೆ ತಪ್ಪು ಎನ್ನಲು ಗುಂಡಿಗೆ ಬೇಕು. ಆ ಹುಡುಗನ ಮೇಲೆ ನನಗೆ ಅಭಿಮಾನ ಬಂತು.

ಅರಸ್ ಸಾಹೇಬರು ಗದ್ದ ಕೆರೆದುಕೊಂಡರು. “ಒಂದೇ ಒಂದು ಗುಂಡು ಕಣಪ್ಪ. ಒಂದನ್ನ ಹಿಡ್ಕೊಂಡು ಇಡೀ ಪಿಸ್ತೂಲೇ ಸರಿ ಇಲ್ಲ ಅಂತ ಹೆಂಗೆ ಬರೆಯೋದು?”

ನಾನು ಪಿಸ್ತೂಲು ಖಾಲಿಯಾಗಿದೆಯೆಂದು ನೋಡಿಕೊಂಡು, ಬಿದ್ದಿದ್ದ ತೋಟಾವನ್ನು ಹೆಕ್ಕಿ ಅವರ ಮೇಜಿನ ಮೇಲೆ ಇಟ್ಟೆ. ಅದಿನ್ನೂ ಬೆಚ್ಚಗಿತ್ತು.

“ಸಾಹೇಬ್ರ, ನೀವು ನಿಲ್ಲು ಅಂದ ಮ್ಯಾಲೆ ನಾ ಗುಂಡು ಹಾರಿಸೇನಿ. ಇಪ್ಪತ್ತೆರಡು ವರ್ಷದ ನೌಕರಿಯೊಳಗ ಇದು ಮೊದಲನೇದು. ಬೇಕಂತ ಹಾರಿಸ್ಯಾಳ ಅಂತ ನಿಮ್ಮ ದೀಪ ಹೇಳತೈತಿ. ಅದನ್ನ ನಂಬಿದ್ರ, ಆಜ್ಞಾ ಮುರದಾಳ ಅಂತ ಬರದು ನನ್ನ ಈಗ ಅಮಾನತು ಮಾಡ್ರಿ. ನಂಬಲಿಲ್ಲಂದ್ರ ದೀಪ ತಪ್ಪು ಅಂತ ಬರೀರಿ. ಎರಡರೊಳಗ ಒಂದು ಬರೀಲಾರದ ನಾ ಈ ಬಾವುಟ ಇಳಸೂದಿಲ್ಲ.”

“ನಿನ್ನ ಮೇಲೆ ಯಾರಮ್ಮ ಅನುಮಾನ ಪಡ್ತಾರೆ?”

“ರೇಷ್ಮಾನ ಮ್ಯಾಲೆ ಪಟ್ರೆಲ್ಲ. ನನಗೂ ಆಕಿಗೂ ಬೆರಳು ಒಂದ ಐತಿ, ಕಲಿಸಿದಾಕಿ ನಾನು. ಆ ಗೋದಾಮಿನ ಕ್ಯಾಮರಾದಾಗ ಟೈರ್ ಸಿಡಿದ ಸದ್ದು ಐತಿ, ಗುಂಡಿನ ಸದ್ದೂ ಐತಿ. ಹಸಿರು ದೀಪ ಕಂಡ್ರಿ, ಕೇಳೂದ ಬಿಟ್ರಿ. ಇವತ್ತು ಕೇಳ್ರಿ.”

ಆಮೇಲೆ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ತೋಟಾದ ಪಕ್ಕ ಇಟ್ಟೆ. ‘ತಯಾರ್’ ಎಂದ ಕೂಡಲೇ ಬೆರಳು ಕುದುರೆಯ ಮೇಲಿರಬೇಕು ಎಂದು ಹದಿನಾರು ವರ್ಷ ಕಲಿಸಿದ್ದು ನಾನು, ಅದು ತಪ್ಪು, ಆ ತಪ್ಪಿನಿಂದ ಸಂಗಪ್ಪನ ಕೈ ಹೋಯಿತು ಎಂದು ಹಿಂದಿನ ದಿನವೇ ಬರೆದು ಸಹಿ ಹಾಕಿದ್ದೆ. ಸಾಹೇಬರು ಎರಡು ಸಲ ಓದಿದರು.

“ಇದನ್ನ ಫೈಲಿಗೆ ಹಾಕಿದ್ರೆ ನೀನು ಈ ರೇಂಜಲ್ಲಿ ಇರಕ್ಕಾಗಲ್ಲ, ಗೊತ್ತಲ್ವಾ?”

“ಗೊತ್ತೈತ್ರಿ. ಹಾಕ್ರಿ.”

ಅವರು ಪೆನ್ನು ತೆಗೆದರು. ಬಾವುಟ ಇಳಿಸಿದಾಗ ಹನ್ನೆರಡು ಗಂಟೆಯಾಗಿತ್ತು. ಮಣ್ಣು ಕೊಡವಿ ಎಲ್ಲರೂ ಅದೇ ರೊಟ್ಟಿ ತಿಂದೆವು. ದುರ್ಗಪ್ಪನನ್ನು ಕೇಳಿದೆ, ಸಂಬಾಳ ಬಿಟ್ಟು ಪರಾತ ಯಾಕೆ ಎಂದು.

“ನೀ ಸಂಬಾಳಕ್ಕ ಕಾಯಾಕತ್ತಿದ್ದಿ” ಎಂದ. “ನಾ ನಿನ್ನ ಹೆಗಲು ನೋಡಾಕತ್ತಿದ್ದೆ. ಮುಗೀತು ಅಂದಾಗ ಇಳೀತು ನೋಡು, ಅವಾಗ ಒಗದೆ.”

ಗೋದಾಮಿನ ಕ್ಯಾಮರಾದಲ್ಲಿ ಟೈರಿಗೂ ಗುಂಡಿಗೂ ನಡುವಿನ ಅಂತರ ನನ್ನದರಷ್ಟೇ ಇತ್ತು. ಕೊಲೆ ಯತ್ನದ ಪ್ರಕರಣ ಬಿದ್ದುಹೋಯಿತು. ಅಜಾಗರೂಕತೆಯದು ಉಳಿಯಿತು. ಅದು ಉಳಿಯಬೇಕಾದ್ದೇ ಎಂದು ರೇಷ್ಮಾಳೇ ಹೇಳಿದಳು. ಒಂದು ವರ್ಷ ಅವಳು ಪಿಸ್ತೂಲು ಮುಟ್ಟುವಂತಿಲ್ಲ. ವಾರಕ್ಕೊಮ್ಮೆ ಸಂಗಪ್ಪನ ಮನೆಗೆ ಹೋಗಿಬರುತ್ತಾಳೆ. ಮೊದಲೆರಡು ವಾರ ಅವನು ಬಾಗಿಲು ತೆರೆಯಲಿಲ್ಲ, ಮೂರನೆಯ ವಾರ ತೆರೆದ. ಸಾಕ್ಷಿ ಪಿಸ್ತೂಲುಗಳು ಪ್ರಯೋಗಾಲಯಕ್ಕೆ ಮರಳಿದವು, ನಾನು ರೇಂಜಿನಿಂದ ಠಾಣೆಯ ಬಂದೂಕು ಕೋಣೆಗೆ. ಹೊರಡುವ ಮೊದಲು ಹದಿನೈದು ದಿನ ಕೇಳಿ ಪಡೆದು, ಸಿಕ್ಕ ಶಿಷ್ಯರನ್ನೆಲ್ಲ ಮತ್ತೆ ಕರೆಸಿದೆ. ಗುರಿ ಕಂಡು ಮನಸ್ಸು ಗಟ್ಟಿಯಾಗುವ ತನಕ ಬೆರಳು ಕುದುರೆಯ ಹೊರಗೆ, ನೆಟ್ಟಗೆ. ಕಲಿತದ್ದನ್ನು ಮರೆಸುವುದು ಕಲಿಸುವುದಕ್ಕಿಂತ ಕಷ್ಟ. ನಾಣ್ಯಗಳು ಉದುರಿದವು. ಯಾರನ್ನೂ ದಿಬ್ಬ ಹತ್ತಿಸಲಿಲ್ಲ.

ರೇಷ್ಮಾ ರೇಂಜಿಗೆ ಬರುವಂತಿರಲಿಲ್ಲ. ಅವಳಿಗೆ ನಮ್ಮ ಅಡುಗೆಮನೆಯಲ್ಲೇ ಪಾಠ, ಅದೇ ಲೈಟರಿನಲ್ಲಿ, ಗ್ಯಾಸ್ ತಿರುವದೆ. ಮೊದಲ ಭಾನುವಾರ ದುರ್ಗಪ್ಪ ಸಂಬಾಳ ಬಾರಿಸಿದಾಗ ಟಕ್ ಎಂದಿತು. ಎರಡನೆಯ ಭಾನುವಾರವೂ ಟಕ್. ಅವಳು ಲೈಟರ್ ಎಸೆದು, “ನನ್ನ ಕೈಲೆ ಆಗೂದಿಲ್ರಿ ಅಕ್ಕಾರ” ಎಂದಳು. “ಆಗ್ತದ, ಎತ್ತು” ಎಂದೆ.

ಹನ್ನೊಂದನೆಯ ಭಾನುವಾರ. ಅವಳು ಸಂಗಪ್ಪನ ಮಗಳಿಗೆ ಶಾಲೆಯಲ್ಲಿ ಸಿಕ್ಕ ಬಹುಮಾನದ ಸುದ್ದಿ ಹೇಳುತ್ತ, ಲೈಟರ್ ಹಿಡಿದು ಒಲೆಯ ಮುಂದೆ ನಿಂತಿದ್ದಳು. ಪಡಸಾಲೆಯಲ್ಲಿ ಸಂಬಾಳವಿರಲಿಲ್ಲ. ದುರ್ಗಪ್ಪ ಸದ್ದಿಲ್ಲದೆ ಅವಳ ಹಿಂದೆ ಬಂದು ಪರಾತವನ್ನು ಕೈಬಿಟ್ಟ.

ರೇಷ್ಮಾ ಚೀರಿ ಹಾರಿಬಿದ್ದಳು. ನಾನೂ ಬೆಚ್ಚಿದೆ. ಪರಾತ ಗಿರಗಿರನೆ ತಿರುಗಿ ನಿಂತಿತು. ಮೂವರೂ ಅವಳ ಕೈ ನೋಡಿದೆವು. ಬೆರಳು ಲೈಟರಿನ ಪಕ್ಕಕ್ಕೆ, ನೆಟ್ಟಗೆ ಅಂಟಿಕೊಂಡಿತ್ತು. ಟಕ್ ಎಂದಿರಲಿಲ್ಲ.

“ಈಗ ಗ್ಯಾಸ್ ತಿರುವವಾ” ಎಂದೆ. “ಚಾ ಕುಡಿಯೂಣು.”